ಆರು ಪಟ್ಟ, ಮೂರು ಪದ್ಧತಿ: ಟೋನಿ ರಿಕಾರ್ಡ್ಸನ್ ಅವರ ಸ್ಪೀಡ್‌ವೇ ಲೆಕ್ಕ

1994, 1998, 1999, 2001, 2002, 2005. ಸ್ವೀಡನ್‌ನ ಟೋನಿ ರಿಕಾರ್ಡ್ಸನ್ ಸ್ಪೀಡ್‌ವೇ ಬೈಕ್ ರೇಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ವರ್ಷಗಳು ಇವು. ಒಟ್ಟು ಆರು ಪಟ್ಟ. ದಾಖಲೆಗಳಲ್ಲಿ ಇವನ್ನು ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಓದುವವರಿಗೆ ಒಂದೇ ಸ್ಪರ್ಧೆಯನ್ನು ಆರು ಸಲ ಗೆದ್ದ ಹಾಗೆ ಕಾಣುತ್ತದೆ.

ಅಸಲಿಗೆ ಹಾಗಲ್ಲ. ಮೊದಲನೆಯ ಪಟ್ಟ ಒಂದೇ ರಾತ್ರಿಯಲ್ಲಿ ತೀರ್ಮಾನವಾಯಿತು. ಆಮೇಲಿನ ನಾಲ್ಕು ಬಂದದ್ದು, ಎರಡು ಸಲ ಹಿಂದೆ ಬಿದ್ದರೆ ಆ ರಾತ್ರಿ ಗಂಟುಮೂಟೆ ಕಟ್ಟಬೇಕಾದ ಪದ್ಧತಿಯಲ್ಲಿ. ಕೊನೆಯದು ಬಂದಾಗ ಲೆಕ್ಕ ಮತ್ತೆ ಬದಲಾಗಿತ್ತು. ಒಂದೊಂದು ಓಟದ ಒಂದೊಂದು ಪಾಯಿಂಟೂ ಲೆಕ್ಕಕ್ಕೆ ಬರುತ್ತಿತ್ತು. ರಿಕಾರ್ಡ್ಸನ್ ದೊಡ್ಡ ಆಟಗಾರ ಅನ್ನೋದಕ್ಕೆ ಆರು ಎಂಬ ಸಂಖ್ಯೆಗಿಂತ ಈ ಮೂರು ಎಂಬ ಸಂಖ್ಯೆ ಜಾಸ್ತಿ ಸಾಕ್ಷಿ ಅಂತ ನನ್ನ ಅನಿಸಿಕೆ. ಅದು ಯಾಕೆ ಅಂತ ತಿಳಿಯಬೇಕಾದರೆ ಮೊದಲು ಈ ಆಟ ಹೇಗೆ ನಡೆಯುತ್ತದೆ ಅಂತ ಗೊತ್ತಾಗಬೇಕು. ನಮ್ಮ ಕಡೆ ಇದನ್ನು ನೋಡಿದವರು ಕಡಿಮೆ.

ಬ್ರೇಕ್ ಇಲ್ಲ, ಗೇರ್ ಒಂದೇ

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇರುವುದಿಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಗೇರ್ ಒಂದೇ. 500 ಸಿಸಿ ಎಂಜಿನ್, ಒಂದೇ ಸಿಲಿಂಡರ್. ಪೆಟ್ರೋಲ್ ಬದಲು ಮೆಥನಾಲ್ ಸುರಿಯುತ್ತಾರೆ. ಮೆಥನಾಲ್ ಉರಿಯುವಾಗ ಎಂಜಿನ್ ಪೆಟ್ರೋಲ್‌ನಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ಸಿಲಿಂಡರ್ ಒಳಗಿನ ಒತ್ತಡವನ್ನು ತುಂಬಾ ಏರಿಸಿ ಹೆಚ್ಚು ಶಕ್ತಿ ತೆಗೆಯಬಹುದು. ಬೈಕಿನ ತೂಕ 77 ಕೆಜಿಗಿಂತ ಕಡಿಮೆ ಇರಬಾರದು ಅಂತ ನಿಯಮ. ಮೆಕ್ಯಾನಿಕ್‌ಗಳು ಸುಮಾರಾಗಿ ಆ ಗೆರೆಯ ಹತ್ತಿರಕ್ಕೇ ತಂದು ನಿಲ್ಲಿಸುತ್ತಾರೆ.

ಟ್ರ್ಯಾಕ್ ಮೊಟ್ಟೆಯಾಕಾರದ್ದು. ಒಂದು ಸುತ್ತು 260ರಿಂದ 425 ಮೀಟರ್. ನೆಲಕ್ಕೆ ಟಾರ್ ಇಲ್ಲ, ಕಲ್ಲುಪುಡಿ ಬೆರೆತ ಸಡಿಲ ಮಣ್ಣು. ಒಂದು ಓಟದಲ್ಲಿ ನಾಲ್ಕು ಜನ, ನಾಲ್ಕು ಸುತ್ತು. ತಿರುವೆಲ್ಲ ಎಡಕ್ಕೇ. ಇಡೀ ಓಟ ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಈ ಒಂದು ಓಟಕ್ಕೆ ಹೀಟ್ ಅಂತ ಹೆಸರು. ಗೆದ್ದವರಿಗೆ 3 ಪಾಯಿಂಟ್, ಎರಡನೆಯವರಿಗೆ 2, ಮೂರನೆಯವರಿಗೆ 1. ಕೊನೆಯವರಿಗೆ ಸೊನ್ನೆ.

ಬ್ರೇಕ್ ಇಲ್ಲದೆ ತಿರುವು ಹೇಗೆ ತೆಗೆದುಕೊಳ್ಳುತ್ತಾರೆ? ಮಳೆಗಾಲದಲ್ಲಿ ಕೆಸರು ರಸ್ತೆಯಲ್ಲಿ ಗಾಡಿಯ ಹಿಂದಿನ ಚಕ್ರ ಪಕ್ಕಕ್ಕೆ ಜಾರಿದಾಗ ಎದೆ ಧಸಕ್ ಅನ್ನುತ್ತದಲ್ಲ, ಅದನ್ನು ಇವರು ಬೇಕೆಂದೇ ಮಾಡುತ್ತಾರೆ. ತಿರುವಿಗೆ ಬರುವಾಗ ಬೈಕನ್ನು ಎಡಕ್ಕೆ ವಾಲಿಸಿ ಆಕ್ಸಿಲರೇಟರ್ ಕೊಡುತ್ತಾರೆ. ಹಿಂದಿನ ಚಕ್ರ ಹಿಡಿತ ಬಿಟ್ಟು ಹೊರಗೆ, ಅಂದರೆ ಬಲಕ್ಕೆ ಜಾರುತ್ತದೆ. ಆಗ ಬೈಕಿನ ಮೂತಿ ತಾನಾಗಿ ಎಡಕ್ಕೆ ಹೊರಳುತ್ತದೆ. ಜಾರುವಿಕೆ ಕೈಮೀರದ ಹಾಗೆ ಹ್ಯಾಂಡಲ್ ಮಾತ್ರ ಬಲಕ್ಕೆ ತಿರುಗಿಸಿ ಹಿಡಿದಿರುತ್ತಾರೆ. ಎಡಗಾಲಿನ ಬೂಟಿನ ಅಡಿ ಉಕ್ಕಿನ ತಗಡು ಕಟ್ಟಿಕೊಂಡಿರುತ್ತಾರೆ. ಆ ಕಾಲು ಮಣ್ಣಿನ ಮೇಲೆ ಉಜ್ಜುತ್ತಾ ಸಾಗುತ್ತದೆ. ಈ ಜಾರುವಿಕೆಯೇ ವೇಗವನ್ನು ಸ್ವಲ್ಪ ತಿನ್ನುತ್ತದೆ. ಬ್ರೇಕ್ ಮಾಡಬೇಕಾದ ಕೆಲಸ ಅದರಲ್ಲೇ ಆಗಿಹೋಗುತ್ತದೆ.

ಸ್ಟೀರಿಂಗ್ ಇರುವುದು ಹ್ಯಾಂಡಲ್‌ನಲ್ಲಿ ಅಲ್ಲ, ಬಲಗೈ ಮಣಿಕಟ್ಟಿನಲ್ಲಿ ಅಂದರೂ ತಪ್ಪಿಲ್ಲ. ಆಕ್ಸಿಲರೇಟರ್ ಜಾಸ್ತಿ ಕೊಟ್ಟರೆ ಹಿಂಭಾಗ ಇನ್ನಷ್ಟು ಜಾರುತ್ತದೆ. ಕಡಿಮೆ ಮಾಡಿದರೆ ಟೈರ್ ನೆಲ ಹಿಡಿಯುತ್ತದೆ. ಗಾಬರಿಯಿಂದ ತಟ್ಟನೆ ಬಿಟ್ಟುಬಿಟ್ಟರೆ? ಟೈರಿಗೆ ಒಮ್ಮೆಲೇ ಹಿಡಿತ ಸಿಕ್ಕಿ ಬೈಕ್ ನೆಟ್ಟಗೆ ಏಳುತ್ತದೆ. ಸವಾರನನ್ನು ಗೋಡೆಯ ಕಡೆ ಎಸೆಯುತ್ತದೆ. ಹೆದರಿದಾಗ ನಾವೆಲ್ಲ ಮಾಡುವ ಕೆಲಸವೇ ಇಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ.

ಬ್ರೇಕ್ ಯಾಕೆ ಇಟ್ಟಿಲ್ಲ ಅನ್ನೋದಕ್ಕೂ ಇದರಲ್ಲೇ ಉತ್ತರ ಇದೆ. ನಾಲ್ಕು ಬೈಕುಗಳು ಕೈಗೆಟುಕುವಷ್ಟು ಹತ್ತಿರದಲ್ಲಿ ಅಡ್ಡಡ್ಡ ಜಾರುತ್ತಾ ಹೋಗುತ್ತಿರುತ್ತವೆ. ಅದರಲ್ಲಿ ಒಬ್ಬರು ಬ್ರೇಕ್ ಹಾಕಿದರೆ ಹಿಂದಿನವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಯಾರ ಹತ್ತಿರವೂ ಬ್ರೇಕ್ ಇಲ್ಲ ಅಂದರೆ ಮುಂದಿನವರು ಏನು ಮಾಡಬಹುದು ಅಂತ ಎಲ್ಲರಿಗೂ ಅಂದಾಜು ಇರುತ್ತದೆ. ಬಿದ್ದಾಗ ಎಂಜಿನ್ ತಾನಾಗಿ ನಿಲ್ಲಲಿ ಅಂತ ಒಂದು ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡಿರುತ್ತಾರೆ. ಸವಾರ ಬೈಕಿನಿಂದ ದೂರ ಹಾರಿದರೆ ದಾರ ಕಿತ್ತು ಬರುತ್ತದೆ, ಎಂಜಿನ್ ಆಫ್ ಆಗುತ್ತದೆ.

ಇನ್ನೊಂದು ವಿಷಯ ಸ್ಟಾರ್ಟ್. ಸಾಲಾಗಿ ನಿಂತ ನಾಲ್ವರ ಮುಂದೆ ಅಡ್ಡ ಟೇಪ್ ಕಟ್ಟಿರುತ್ತಾರೆ. ಅದು ಮೇಲೆ ಹಾರಿದ ಕ್ಷಣವೇ ಕ್ಲಚ್ ಬಿಡಬೇಕು. ಟೇಪ್ ಮುಟ್ಟಿದರೆ ಶಿಕ್ಷೆ. ಮೊದಲ ತಿರುವಿಗೆ ಮೊದಲು ಮುಟ್ಟಿದವರ ಮುಂದೆ ಖಾಲಿ ಟ್ರ್ಯಾಕ್ ಇರುತ್ತದೆ. ಹಿಂದಿನವರ ಮುಖಕ್ಕೆ ಮಣ್ಣು ಎರಚುತ್ತದೆ. ಸ್ಟಾರ್ಟ್ ಗೆದ್ದರೆ ಅರ್ಧ ಹೀಟ್ ಗೆದ್ದ ಹಾಗೆ. ಉಳಿದ ಅರ್ಧ ಮಣ್ಣಿನದು. ಹೀಟ್‌ಗಳು ನಡೆದ ಹಾಗೆಲ್ಲ ಒಳಗಿನ ಸಾಲು ಸವೆದು ನುಣುಪಾಗುತ್ತದೆ. ಸಡಿಲ ಮಣ್ಣೆಲ್ಲ ಹೊರಗೆ ಹೋಗಿ ಸೇರುತ್ತದೆ. ಆಗ ಹತ್ತಿರದ ದಾರಿ ಒಳಗಿನದು, ಹಿಡಿತ ಸಿಗುವ ದಾರಿ ಹೊರಗಿನದು. ಯಾವ ಹೀಟ್‌ನಿಂದ ಹೊರಗೆ ಹೋಗಬೇಕು, ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲಿನ ಸ್ಪ್ರಾಕೆಟ್ ಹಾಕಬೇಕು ಅಂತ ಎರಡು ಓಟಗಳ ನಡುವಿನ ಹೊತ್ತಿನಲ್ಲಿ ತೀರ್ಮಾನ ಮಾಡಬೇಕು.

ಅವೆಸ್ಟಾದಿಂದ ಯೊಟೆಬೊರಿಗೆ

ರಿಕಾರ್ಡ್ಸನ್ ಹುಟ್ಟಿದ್ದು 1970ರ ಆಗಸ್ಟ್ 17ರಂದು, ನಡುಸ್ವೀಡನ್ನಿನ ಡಾಲಾರ್ನಾ ಪ್ರಾಂತ್ಯದ ಅವೆಸ್ಟಾ ಭಾಗದಲ್ಲಿ. ಅವೆಸ್ಟಾ ಉಕ್ಕಿನ ಕಾರ್ಖಾನೆಯ ಸಣ್ಣ ಊರು. ಡಾಲಾರ್ನಾದ ಕೆಂಪು ಮರದ ಕುದುರೆ ಗೊಂಬೆ ಗೊತ್ತಿರಬಹುದು. ಅದರ ಅತಿ ದೊಡ್ಡ ರೂಪ, ಸುಮಾರು 13 ಮೀಟರ್ ಎತ್ತರದ ಕಾಂಕ್ರೀಟ್ ಕುದುರೆ, ಈ ಊರಿನಲ್ಲಿದೆ. ಊರಿನ ಇನ್ನೊಂದು ಹೆಮ್ಮೆ ಮಾಸಾರ್ನಾ ಎಂಬ ಸ್ಪೀಡ್‌ವೇ ಕ್ಲಬ್. ರಿಕಾರ್ಡ್ಸನ್ ಹೆಸರು ಆ ಕ್ಲಬ್ಬಿನ ಜೊತೆ ಸೇರಿಕೊಂಡೇ ಬೆಳೆಯಿತು.

ಸ್ವೀಡನ್‌ನಲ್ಲಿ ಆಗಲೇ ಒಂದು ಪರಂಪರೆ ಇತ್ತು. ಊವೆ ಫಂಡಿನ್ 1956ರಿಂದ 1967ರ ನಡುವೆ ಐದು ಸಲ ವಿಶ್ವ ಚಾಂಪಿಯನ್ ಆಗಿದ್ದರು. 1965ರಲ್ಲಿ ಬ್ಯೋರ್ನ್ ಕ್ನೂಟ್ಸನ್, 1974ರಲ್ಲಿ ಆಂಡರ್ಸ್ ಮಿಖಾನೆಕ್, 1990ರಲ್ಲಿ ಪೆರ್ ಯೋನ್ಸನ್ ಗೆದ್ದಿದ್ದರು. ಅಂದರೆ ಹುಡುಗನ ಮುಂದೆ ದಾರಿ ಇತ್ತು. ಆದರೆ ಅಳತೆಗೋಲು ಬಹಳ ಎತ್ತರದಲ್ಲಿತ್ತು.

1991ರಲ್ಲಿ ರಿಕಾರ್ಡ್ಸನ್ ಇಂಗ್ಲೆಂಡಿಗೆ ಹೋಗಿ ಇಪ್ಸ್‌ವಿಚ್ ಕ್ಲಬ್ ಸೇರಿದರು. ಅದೇ ವರ್ಷ ಸ್ವೀಡನ್ನಿನ ಯೊಟೆಬೊರಿ ನಗರದಲ್ಲಿ ನಡೆದ ವಿಶ್ವ ಫೈನಲ್‌ನಲ್ಲಿ ಎರಡನೇ ಸ್ಥಾನ ಪಡೆದರು. ವಯಸ್ಸು 21. ಮೊದಲ ಸ್ಥಾನ ಡೆನ್ಮಾರ್ಕ್‌ನ ಯಾನ್ ಓ. ಪೆಡರ್ಸನ್ ಅವರದು. ಐದಕ್ಕೆ ಐದೂ ಹೀಟ್ ಗೆದ್ದಿದ್ದರು, 15ಕ್ಕೆ 15.

ಒಂದು ರಾತ್ರಿಯ ಚಾಂಪಿಯನ್

ಈ 15ರ ಲೆಕ್ಕ ಏನು? ಹಳೆಯ ವಿಶ್ವ ಫೈನಲ್‌ನಲ್ಲಿ 16 ಜನ, 20 ಹೀಟ್. ಒಬ್ಬೊಬ್ಬರಿಗೂ ಐದು ಓಟ. ಒಂದು ಓಟದಲ್ಲಿ ಮೂವರು ಎದುರಾಳಿಗಳು, ಐದು ಓಟಕ್ಕೆ ಹದಿನೈದು. ತಾವೊಬ್ಬರನ್ನು ಬಿಟ್ಟರೆ ಉಳಿದವರೂ ಹದಿನೈದೇ ಜನ. ಅಂದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನೂ ಸರಿಯಾಗಿ ಒಂದು ಸಲ ಎದುರಿಸುತ್ತಾರೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಪಟ್ಟಿ ಮಾಡಿದವರ ತಲೆಗೆ ಕೈ ಮುಗಿಯಬೇಕು. ಇಷ್ಟು ನೀಟಾದ ವೇಳಾಪಟ್ಟಿ ಬೇರೆ ಆಟಗಳಲ್ಲಿ ಸಿಗೋದು ಕಷ್ಟ.

ಮೊದಲ ವಿಶ್ವ ಫೈನಲ್ ನಡೆದದ್ದು 1936ರಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ. ಅದು ಇಂಗ್ಲೆಂಡ್ ಬಿಟ್ಟು ಹೊರಗೆ ಬಂದದ್ದು 1961ರಲ್ಲಿ, ಸ್ವೀಡನ್ನಿನ ಮಾಲ್ಮೋಗೆ. ಆ ವರ್ಷ ಗೆದ್ದವರು ಫಂಡಿನ್. ಊರು ಯಾವುದಾದರೂ ರೀತಿ ಒಂದೇ. ವರ್ಷವಿಡೀ ಅರ್ಹತಾ ಸುತ್ತುಗಳಲ್ಲಿ ಒದ್ದಾಡಿ ಹದಿನಾರರೊಳಗೆ ಬರಬೇಕು. ಆಮೇಲೆ ಒಂದು ರಾತ್ರಿ, ಐದು ನಿಮಿಷದ ಓಟ. ಅಷ್ಟರಲ್ಲಿ ವಿಶ್ವ ಚಾಂಪಿಯನ್ ಯಾರು ಅಂತ ತೀರ್ಮಾನ. ಎಂಜಿನ್ ಒಂದು ಹೀಟ್‌ನಲ್ಲಿ ಕೈಕೊಟ್ಟರೆ ಮುಗಿಯಿತು, ಮುಂದಿನ ವರ್ಷ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಮೂಳೆ ಮುರಿದರೂ ಅಷ್ಟೇ. ಇದು ನ್ಯಾಯವೇ ಅಂತ ಆಗಲೂ ಜಗಳ ಇತ್ತು. ಆದರೆ ನಾಟಕ ಮಾತ್ರ ಭರ್ಜರಿ ಇರುತ್ತಿತ್ತು.

ಈ ಪದ್ಧತಿಯ ಕೊನೆಯ ಫೈನಲ್ 1994ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್‌ನ ವೋಯೆನ್ಸ್‌ನಲ್ಲಿ ನಡೆಯಿತು. ಇಪ್ಪತ್ತು ಹೀಟ್ ಮುಗಿದಾಗ ಮೂವರು 12 ಪಾಯಿಂಟ್‌ನಲ್ಲಿ ಸಮ ನಿಂತಿದ್ದರು. ರಿಕಾರ್ಡ್ಸನ್, ಡೆನ್ಮಾರ್ಕ್‌ನ ಹಾನ್ಸ್ ನೀಲ್ಸನ್, ಆಸ್ಟ್ರೇಲಿಯಾದ ಕ್ರೇಗ್ ಬಾಯ್ಸ್. ನೀಲ್ಸನ್ ಆ ಹೊತ್ತಿಗೆ ಮೂರು ಸಲ ಚಾಂಪಿಯನ್ ಆಗಿದ್ದವರು, ಮೇಲಾಗಿ ತಮ್ಮದೇ ದೇಶದ ಜನರ ಮುಂದೆ ಓಡುತ್ತಿದ್ದವರು. ಮೂವರಿಗೂ ಇನ್ನೊಂದು ಓಟ ಇಟ್ಟರು. ರಿಕಾರ್ಡ್ಸನ್ ಗೆದ್ದರು. ನೀಲ್ಸನ್ ಎರಡನೆಯವರು, ಬಾಯ್ಸ್ ಮೂರನೆಯವರು.

12 ಪಾಯಿಂಟ್ ಅಂದರೆ ಮೂರು ಪಾಯಿಂಟ್ ಕಳೆದುಕೊಂಡ ಚಾಂಪಿಯನ್. ಪೆಡರ್ಸನ್ ಅವರ 15ರ ಪಕ್ಕ ಇಟ್ಟರೆ ಸ್ವಲ್ಪ ಬಡಕಲು ಅಂತ ಕಾಣುತ್ತದೆ. ಆ ರಾತ್ರಿ ಅಷ್ಟು ಸಾಕಾಯಿತು. ಒಂದು ರಾತ್ರಿಯ ಪದ್ಧತಿಯಲ್ಲಿ ಕೇಳುವ ಪ್ರಶ್ನೆಯೂ ಅಷ್ಟೇ: ಇವತ್ತು ಇಲ್ಲಿ ಯಾರು ಮುಂದೆ?

ಅದೇ ಬೇಸಿಗೆ, ಆಸ್ಪತ್ರೆಯಲ್ಲಿ

ವೋಯೆನ್ಸ್ ಗೆಲುವಿಗೆ ಸ್ವಲ್ಪ ಮೊದಲು, ಅದೇ 1994ರ ಬೇಸಿಗೆಯಲ್ಲಿ, ಪೆರ್ ಯೋನ್ಸನ್ ಪೋಲೆಂಡ್‌ನಲ್ಲಿ ಟೋರುನ್ ಕ್ಲಬ್ ಪರ ಓಡುವಾಗ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿ. ರಿಕಾರ್ಡ್ಸನ್‌ಗೆ ಹಿಂದಿನ ಸ್ವೀಡಿಷ್ ಚಾಂಪಿಯನ್ ಅಂದರೆ ಇವರೇ. ಇಬ್ಬರೂ ಒಂದೇ ದೇಶದ ತಂಡದಲ್ಲಿ ಓಡಿದವರು. 1991ರಲ್ಲಿ ರಿಕಾರ್ಡ್ಸನ್ ಅವರನ್ನು ಹಿಂದೆ ಹಾಕಿ ಗೆದ್ದ ಯಾನ್ ಓ. ಪೆಡರ್ಸನ್ ಅವರ ಕಥೆಯೂ ಹೀಗೇ. ಮರುವರ್ಷವೇ, 1992ರಲ್ಲಿ, ಇಂಗ್ಲೆಂಡಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡರು. ದೊಡ್ಡ ಮಟ್ಟದ ಅವರ ಆಟ ಅಲ್ಲಿಗೆ ನಿಂತಿತು.

1990ರ ಚಾಂಪಿಯನ್, 1991ರ ಚಾಂಪಿಯನ್ ಇಬ್ಬರೂ ನಾಲ್ಕು ವರ್ಷದೊಳಗೆ ಆಟದಿಂದ ಹೊರಗೆ. ಇದನ್ನು ಪಕ್ಕದಲ್ಲಿಟ್ಟು ನೋಡಿದಾಗ ರಿಕಾರ್ಡ್ಸನ್ 2006ರವರೆಗೆ ಮೇಲ್ಮಟ್ಟದಲ್ಲಿ ಓಡಿದರು ಅನ್ನೋ ಮಾತಿಗೆ ಬೇರೆಯೇ ತೂಕ ಬರುತ್ತದೆ. ಈ ಆಟದಲ್ಲಿ ದೀರ್ಘಾಯುಷ್ಯವನ್ನು ಅಂಕಿಅಂಶದ ಹಾಗೆ ಸುಮ್ನೆ ಓದಿಬಿಡಬಾರದು. ಅದರಲ್ಲಿ ಕೌಶಲವೂ ಇದೆ, ಅದೃಷ್ಟವೂ ಇದೆ. ಯಾವುದು ಎಷ್ಟು ಅಂತ ಬೇರೆ ಮಾಡಿ ತೂಗಲು ಆಗುವುದಿಲ್ಲ.

ಒಂದು ವಾರದಲ್ಲಿ ಮೂರು ದೇಶ

ಸ್ಪೀಡ್‌ವೇ ಸವಾರರ ಬಗ್ಗೆ ಓದುವಾಗ ಹೊಸಬರಿಗೆ ತಲೆ ಕೆಡುವುದು ಕ್ಲಬ್ಬುಗಳ ವಿಷಯದಲ್ಲಿ. ರಿಕಾರ್ಡ್ಸನ್ ಹೆಸರಿನ ಮುಂದೆ ಸ್ವೀಡನ್ನಿನ ಕ್ಲಬ್ ಇದೆ, ಇಂಗ್ಲೆಂಡಿನದಿದೆ, ಪೋಲೆಂಡಿನದೂ ಇದೆ. ಎಷ್ಟೋ ಸಲ ಒಂದೇ ವರ್ಷದಲ್ಲಿ. ಫುಟ್‌ಬಾಲ್ ಆಟಗಾರ ಹೀಗೆ ಮಾಡಿದರೆ ನಿಷೇಧ ಬೀಳುತ್ತದೆ. ಇಲ್ಲಿ ಅದೇ ಬದುಕುವ ದಾರಿ.

ಲೀಗ್ ಪಂದ್ಯದಲ್ಲಿ ಪ್ರತಿ ಹೀಟ್‌ಗೆ ಒಂದೊಂದು ತಂಡದಿಂದ ಇಬ್ಬರು ಇಳಿಯುತ್ತಾರೆ. ಪಾಯಿಂಟ್ ಲೆಕ್ಕ ಅದೇ 3, 2, 1, 0. ಒಂದು ತಂಡದ ಇಬ್ಬರೂ ಮೊದಲೆರಡು ಸ್ಥಾನ ಹಿಡಿದರೆ ಆ ಹೀಟ್ 5–1. ರಿಕಾರ್ಡ್ಸನ್ ಕಾಲದಲ್ಲಿ ದೇಶ ದೇಶಕ್ಕೆ ಪಂದ್ಯದ ದಿನ ಬೇರೆ ಇತ್ತು. ಪೋಲೆಂಡ್‌ನಲ್ಲಿ ಭಾನುವಾರ, ಸ್ವೀಡನ್‌ನಲ್ಲಿ ಮಂಗಳವಾರ, ಇಂಗ್ಲೆಂಡಿನಲ್ಲಿ ಉಳಿದ ದಿನಗಳಲ್ಲಿ ಊರಿಗೊಂದು. ವಿಶ್ವ ಚಾಂಪಿಯನ್‌ಶಿಪ್ ಸುತ್ತುಗಳು ಸಾಮಾನ್ಯವಾಗಿ ಶನಿವಾರ. ಹಾಗಾಗಿ ಒಬ್ಬರೇ ಮೂರು ಲೀಗ್‌ಗಳಲ್ಲಿ ಓಡಬಹುದಿತ್ತು. ನಿದ್ದೆ ವಿಮಾನದಲ್ಲಿ, ವ್ಯಾನ್‌ನಲ್ಲಿ. ದೇಶಕ್ಕೊಂದು ಜೊತೆ ಬೈಕ್, ಬೇರೆ ಬೇರೆ ಮೆಕ್ಯಾನಿಕ್‌ಗಳು. ಎಂಜಿನ್ ರಿಪೇರಿ ಖರ್ಚು, ಟೈರ್ ಖರ್ಚು, ಸಹಾಯಕರ ಸಂಬಳ ಎಲ್ಲ ಸವಾರರ ತಲೆಯ ಮೇಲೆ. ದುಡ್ಡು ಬರುವುದು ಬಹುಪಾಲು ಪಾಯಿಂಟಿನ ಲೆಕ್ಕದಲ್ಲಿ. ಜಾಸ್ತಿ ಪಾಯಿಂಟ್ ತಂದರೆ ಜಾಸ್ತಿ ದುಡ್ಡು. ಪೋಲೆಂಡ್ ಲೀಗ್ ಎಲ್ಲಕ್ಕಿಂತ ಶ್ರೀಮಂತ. ಅಲ್ಲಿ ಸ್ಪೀಡ್‌ವೇ ಅಂದರೆ ಊರ ಹಬ್ಬ.

ಅಂದರೆ ಸವಾರ ಆಟಗಾರನಷ್ಟೇ ಅಲ್ಲ, ಒಂದು ಸಣ್ಣ ಕಂಪನಿಯ ಯಜಮಾನ. ರಿಕಾರ್ಡ್ಸನ್ ಇದನ್ನು ಎಲ್ಲರಿಗಿಂತ ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು. ದೇಹದ ತಯಾರಿ, ಬೈಕಿನ ತಯಾರಿ, ಪ್ರಾಯೋಜಕರ ಜೊತೆ ನಡೆದುಕೊಳ್ಳುವ ರೀತಿ, ಪಿಟ್ಸ್‌ನಲ್ಲಿ ತಂಡದ ಶಿಸ್ತು, ಇದೆಲ್ಲದರಲ್ಲೂ ಅವರ ಅಚ್ಚುಕಟ್ಟುತನವನ್ನು ಎದುರಾಳಿಗಳೂ ಒಪ್ಪುತ್ತಿದ್ದರು.

ಇದರಿಂದ ಒಂದು ತಮಾಷೆಯ ಪರಿಸ್ಥಿತಿಯೂ ಹುಟ್ಟುತ್ತದೆ. ಶನಿವಾರ ರಾತ್ರಿ ಪಟ್ಟಕ್ಕಾಗಿ ಮೊಣಕೈ ತಾಗಿಸಿ ಕಿತ್ತಾಡಿದವರೇ ಭಾನುವಾರ ಒಂದೇ ಬಣ್ಣದ ಅಂಗಿ ತೊಟ್ಟು ಒಟ್ಟಿಗೆ ಓಡಬೇಕು. 1999ರಲ್ಲಿ ಪೋಲೆಂಡ್‌ನ ತೊಮಾಶ್ ಗೊಲ್ಲೊಬ್ ಅವರು ರಿಕಾರ್ಡ್ಸನ್ ಹಿಂದೆಯೇ ಎರಡನೇ ಸ್ಥಾನದಲ್ಲಿ ನಿಂತಿದ್ದರು. 2004, 2005ರಲ್ಲಿ ಇಬ್ಬರೂ ಸೇರಿ ಪೋಲೆಂಡ್‌ನ ಟಾರ್ನುವ್ ಕ್ಲಬ್ಬಿಗೆ ಸತತ ಎರಡು ಲೀಗ್ ಪ್ರಶಸ್ತಿ ತಂದುಕೊಟ್ಟರು.

ರಾತ್ರಿ ಹೋಗಿ ವರ್ಷ ಬಂತು

1995ರಲ್ಲಿ ಆಟದ ಲೆಕ್ಕವೇ ಬದಲಾಯಿತು. ಒಂದು ರಾತ್ರಿಯ ಫೈನಲ್ ಬೇಡ, ಕಾರು ರೇಸಿನ ಹಾಗೆ ಗ್ರ್ಯಾನ್‌ಪ್ರಿ ಸರಣಿ ಇಡೋಣ ಅಂತ ತೀರ್ಮಾನ ಆಯಿತು. ಮೊದಲ ವರ್ಷ ಆರು ಸುತ್ತು, ಅಂದರೆ ಆರು ರಾತ್ರಿಯ ಸ್ಪರ್ಧೆ. ಬೇರೆ ಬೇರೆ ದೇಶ, ಬೇರೆ ಬೇರೆ ಟ್ರ್ಯಾಕ್. ಎಲ್ಲ ಸುತ್ತಿನ ಪಾಯಿಂಟ್ ಕೂಡಿಸಿ ಚಾಂಪಿಯನ್.

ಕೇಳಲು ಸುಲಭ. ಆದರೆ ಸವಾರರಿಗೆ ಇದು ಹೊಸ ಆಟ. ಒಂದು ರಾತ್ರಿಗಾಗಿ ಒಂದು ಒಳ್ಳೆಯ ಎಂಜಿನ್ ಬಚ್ಚಿಟ್ಟುಕೊಳ್ಳುವ ಹಾಗಿಲ್ಲ. ಉದ್ದದ ಟ್ರ್ಯಾಕ್‌ಗೂ ಚಿಕ್ಕದಕ್ಕೂ, ಒದ್ದೆಗೂ ಒಣಗಿದ್ದಕ್ಕೂ ಒಗ್ಗಬೇಕು. ಕೆಟ್ಟ ರಾತ್ರಿ ಬಂದೇ ಬರುತ್ತದೆ. ಆ ರಾತ್ರಿಯಲ್ಲೂ ಎಷ್ಟು ಪಾಯಿಂಟ್ ಕೆರೆದುಕೊಂಡು ಬರುತ್ತೀರಿ ಅನ್ನೋದೇ ಪ್ರಶ್ನೆ.

ಹಾಲಿ ಚಾಂಪಿಯನ್ ಆಗಿ ಇಳಿದ ರಿಕಾರ್ಡ್ಸನ್ 1995ರಲ್ಲಿ ಎರಡನೇ ಸ್ಥಾನ ಪಡೆದರು. ಪಟ್ಟ ನೀಲ್ಸನ್‌ಗೆ ಹೋಯಿತು. ಆಮೇಲೆ ಇಬ್ಬರು ಅಮೆರಿಕನ್ನರ ಸರದಿ: 1996ರಲ್ಲಿ ಬಿಲ್ಲಿ ಹ್ಯಾಮಿಲ್, 1997ರಲ್ಲಿ ಗ್ರೆಗ್ ಹ್ಯಾನ್‌ಕಾಕ್. ಆ ಎರಡು ವರ್ಷ ರಿಕಾರ್ಡ್ಸನ್ ಮೊದಲ ಮೂವರಲ್ಲೂ ಇರಲಿಲ್ಲ. 1997ರ ಕೊನೆಯಲ್ಲಿ ನಿಂತು ನೋಡಿದ್ದರೆ ಅವರು ಒಂದು ಒಳ್ಳೆಯ ರಾತ್ರಿಯ ಚಾಂಪಿಯನ್ ಅಂತ ಬರೆದು ಪುಟ ಮಗುಚಬಹುದಿತ್ತು.

1998ರಲ್ಲಿ ಪದ್ಧತಿ ಮತ್ತೆ ಬದಲಾಯಿತು. ಪ್ರತಿ ಸುತ್ತಿಗೆ 24 ಜನ. ಎಂಟು ಜನ ಬಲಿಷ್ಠರು ನೇರ ಮುಖ್ಯ ಭಾಗಕ್ಕೆ. ಉಳಿದ 16 ಜನ ಮೊದಲ ಭಾಗದಲ್ಲಿ ಕಾದಾಡಿ ಅವರ ಜೊತೆ ಸೇರಬೇಕು. ಹೀಟ್‌ನಲ್ಲಿ ಮೊದಲ ಇಬ್ಬರು ಮುಂದಕ್ಕೆ. ಕೊನೆಯ ಇಬ್ಬರಿಗೆ ಇನ್ನೊಂದು ಅವಕಾಶ. ಅಲ್ಲೂ ಹಿಂದೆ ಬಿದ್ದರೆ ಔಟ್. ಹೀಗೆ ಸೋಸುತ್ತಾ ಹೋಗಿ ಕೊನೆಗೆ ನಾಲ್ವರ ಫೈನಲ್. ಅದರಲ್ಲಿ ಗೆದ್ದವರಿಗೆ 25 ಪಾಯಿಂಟ್, ಉಳಿದವರಿಗೆ 20, 18, 16.

ಇಲ್ಲಿ ಹೀಟ್ ಗೆಲ್ಲುವುದಕ್ಕೆ ಪ್ರತ್ಯೇಕ ಬೆಲೆ ಇರಲಿಲ್ಲ ಅನ್ನೋದನ್ನು ಗಮನಿಸಿ. ಎರಡನೆಯವರಾದರೂ ಸಾಕು, ಮುಂದೆ ಹೋಗಬಹುದು. ಹಾಗಾಗಿ ಎಲ್ಲಿ ಮೈಮೇಲೆ ಎಳೆದುಕೊಳ್ಳಬೇಕು, ಎಲ್ಲಿ ತೆಪ್ಪಗೆ ಎರಡನೇ ಸ್ಥಾನ ಕಾಯ್ದುಕೊಳ್ಳಬೇಕು ಅಂತ ಗೊತ್ತಿರುವವರಿಗೆ ಇದು ಹೇಳಿ ಮಾಡಿಸಿದ ಪದ್ಧತಿ. ಲೆಕ್ಕಾಚಾರದ ಮನುಷ್ಯ ರಿಕಾರ್ಡ್ಸನ್‌ಗೆ ಇದು ಸರಿಹೊಂದಿತು. 1998ರಲ್ಲಿ ಪಟ್ಟ. ಎರಡನೇ ಸ್ಥಾನವೂ ಸ್ವೀಡನ್ನಿನ ಜಿಮ್ಮಿ ನಿಲ್ಸನ್‌ಗೆ. 1999ರಲ್ಲಿ ಮತ್ತೆ ಪಟ್ಟ.

2000ದಲ್ಲಿ ಇಂಗ್ಲೆಂಡಿನ ಮಾರ್ಕ್ ಲೋರಮ್ ಗೆದ್ದರು. ಅದು ಗ್ರ್ಯಾನ್‌ಪ್ರಿ ಲೆಕ್ಕದ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಲೋರಮ್ ಆ ವರ್ಷ ಒಂದೇ ಒಂದು ಸುತ್ತನ್ನೂ ಗೆದ್ದಿರಲಿಲ್ಲ. ಆದರೂ ವಿಶ್ವ ಚಾಂಪಿಯನ್! ಬೇರೆಯವರು ಒಂದು ವಾರ ಮೇಲೆ, ಇನ್ನೊಂದು ವಾರ ಕೆಳಗೆ. ಇವರು ಪ್ರತಿ ಸಲ ತಕ್ಕಮಟ್ಟಿಗೆ ಮೇಲೆ. ಹಳೆಯ ಪದ್ಧತಿಯಲ್ಲಿ ಇಂಥ ಚಾಂಪಿಯನ್ ಸಾಧ್ಯವೇ ಇರಲಿಲ್ಲ. ರಿಕಾರ್ಡ್ಸನ್ ಆ ವರ್ಷ ಮೂರನೆಯವರು.

2001, 2002ರಲ್ಲಿ ಮತ್ತೆರಡು ಪಟ್ಟ. ಎರಡು ಸಲವೂ ಬೆನ್ನಿಗೆ ಬಿದ್ದವರು ಆಸ್ಟ್ರೇಲಿಯಾದ ಜೇಸನ್ ಕ್ರಂಪ್. ಇವರಿಬ್ಬರ ಪೈಪೋಟಿ ಆ ದಶಕದ ಮುಖ್ಯ ಕಥೆ. ಕ್ರಂಪ್ ಒರಟಾಗಿ, ಹಸಿವಿನಿಂದ ಓಡುವವರು. ರಿಕಾರ್ಡ್ಸನ್ ತಣ್ಣಗೆ. 2003ರಲ್ಲಿ ಡೆನ್ಮಾರ್ಕ್‌ನ ನಿಕಿ ಪೆಡರ್ಸನ್ ಮುಂದೆ ಬಂದರು, ರಿಕಾರ್ಡ್ಸನ್ ಮೂರನೆಯವರು. 2004ರಲ್ಲಿ ಕ್ರಂಪ್ ಕೊನೆಗೂ ಗೆದ್ದರು, ರಿಕಾರ್ಡ್ಸನ್ ಎರಡನೆಯವರು. ಸ್ವಲ್ಪ ಹಿಂದೆ ಹೋಗಿ ಲೆಕ್ಕ ಹಾಕಿ. 1998ರಿಂದ 2004ರ ತನಕ ಒಂದು ವರ್ಷವೂ ಅವರು ಮೊದಲ ಮೂವರಿಂದ ಹೊರಗೆ ಹೋಗಿಲ್ಲ. ಬಿದ್ದರೆ ಮೂಳೆ ಮುರಿಯುವ ಆಟದಲ್ಲಿ ಇಂಥ ಸಾಲು ಅಪರೂಪ.

2005, ಕಾರ್ಡಿಫ್ ಮತ್ತು ಗೋಡೆ

2005ರಲ್ಲಿ ಮೂರನೇ ಸಲ ನಿಯಮ ಬದಲು. ಮತ್ತೆ ಹಳೆಯ 16 ಜನ, 20 ಹೀಟ್ ವಾಪಸ್ ಬಂತು. ಅದರ ಮೇಲೆ ಎಂಟು ಜನರಿಗೆ ಸೆಮಿಫೈನಲ್, ನಾಲ್ವರಿಗೆ ಫೈನಲ್. ದೊಡ್ಡ ಬದಲಾವಣೆ ಅಂದರೆ ಪ್ರತಿ ಹೀಟ್‌ನ ಪಾಯಿಂಟೂ ಲೆಕ್ಕಕ್ಕೆ ಬಂತು, ಸೆಮಿಫೈನಲ್ ಯಾರಿಗೆ ಅಂತ ಅದರಿಂದಲೇ ತೀರ್ಮಾನ. ಐದು ಹೀಟ್‌ಗೆ ಹೆಚ್ಚೆಂದರೆ 15.

ಈಗ ತೆಪ್ಪಗೆ ಎರಡನೇ ಸ್ಥಾನ ಕಾಯುವ ಜಾಣತನಕ್ಕೆ ದಂಡ ಬೀಳುತ್ತದೆ. ಎರಡನೆಯವರಾದರೆ ಒಂದು ಪಾಯಿಂಟ್ ಹೋಯಿತು ಅಂತಲೇ ಅರ್ಥ. ಸೋಸುವ ಪದ್ಧತಿಯಲ್ಲಿ ನಾಲ್ಕು ಪಟ್ಟ ಗೆದ್ದವರಿಗೆ ಈ ಬದಲಾವಣೆ ಕಷ್ಟ ಆಗಬೇಕಿತ್ತು. ವಯಸ್ಸೂ 35ರ ಹತ್ತಿರ. ಆದರೆ ಒಂಬತ್ತು ಸುತ್ತುಗಳಲ್ಲಿ ಆರನ್ನು ರಿಕಾರ್ಡ್ಸನ್ ಗೆದ್ದರು. ಕ್ರಂಪ್ ಎರಡನೆಯವರಾದರೂ ಬಹಳ ದೂರ ಉಳಿದರು. ಹಿಂದಿನ ಪಟ್ಟಗಳಲ್ಲಿ ತೂಗಿ ಅಳೆದು ಗೆದ್ದ ಮನುಷ್ಯ ಈ ವರ್ಷ ಯಾರಿಗೂ ಉಸಿರಾಡಲು ಬಿಡಲಿಲ್ಲ. ನನ್ನ ಕೇಳಿದರೆ ಆರರಲ್ಲಿ ಇದೇ ದೊಡ್ಡದು.

ಆ ವರ್ಷದ ಒಂದು ಓಟವನ್ನು ಅಭಿಮಾನಿಗಳು ಇವತ್ತಿಗೂ ವಿಡಿಯೋದಲ್ಲಿ ನೋಡುತ್ತಾರೆ. ಜಾಗ ವೇಲ್ಸ್‌ನ ಕಾರ್ಡಿಫ್, ಮಿಲೇನಿಯಂ ಸ್ಟೇಡಿಯಂ. ಅದು ರಗ್ಬಿ ಮೈದಾನ. ಸ್ಪೀಡ್‌ವೇಗಾಗಿ ಲಾರಿಗಟ್ಟಲೆ ಮಣ್ಣು ತಂದು ಸುರಿದು ತಾತ್ಕಾಲಿಕ ಟ್ರ್ಯಾಕ್ ಮಾಡುತ್ತಿದ್ದರು. ಟ್ರ್ಯಾಕ್ ಚಿಕ್ಕದು, ತಿರುವು ಇಕ್ಕಟ್ಟು. ರಿಕಾರ್ಡ್ಸನ್ ಒಂದು ತಿರುವಿನಲ್ಲಿ ಎಲ್ಲರಿಗಿಂತ ಹೊರಗೆ, ತಡೆಗೋಡೆಗೆ ಒರಗಿಕೊಂಡ ಹಾಗೆ ಹೋದರು. ಬೈಕ್ ಗೋಡೆಗೆ ತಾಗಿತು. ಅಂಥ ಹೊತ್ತಿನಲ್ಲಿ ಯಾರಾದರೂ ಆಕ್ಸಿಲರೇಟರ್ ಬಿಡುತ್ತಾರೆ. ಅವರು ಬಿಡಲಿಲ್ಲ. ಗೋಡೆಯನ್ನೇ ಆಸರೆ ಮಾಡಿಕೊಂಡು, ಅದರ ಉದ್ದಕ್ಕೂ ಉಜ್ಜುತ್ತಾ ಸಾಗಿ, ಬೀಳದೆ ಆಚೆ ಬಂದರು. ಬೇಕೆಂದೇ ಮಾಡಿದ್ದೋ, ತಪ್ಪಿ ಆದದ್ದನ್ನು ಸಂಭಾಳಿಸಿದ್ದೋ ಅಂತ ವಾದ ಮಾಡಬಹುದು. ನನಗೆ ಅದು ಮುಖ್ಯ ಅನಿಸುವುದಿಲ್ಲ. ಗೋಡೆ ತಾಗಿದಾಗಲೂ ಆ ಮಣಿಕಟ್ಟು ಹೆದರಲಿಲ್ಲ, ಅಲ್ವಾ? ಆ ರಾತ್ರಿಯ ಸುತ್ತನ್ನೂ ಅವರೇ ಗೆದ್ದರು.

ಆರನೆಯ ಪಟ್ಟದೊಂದಿಗೆ ಅವರು ನ್ಯೂಜಿಲೆಂಡ್‌ನ ಐವನ್ ಮೇಜರ್ ಅವರ ದಾಖಲೆ ಸರಿಗಟ್ಟಿದರು. ಮೇಜರ್ 1968, 1969, 1970, 1972, 1977 ಮತ್ತು 1979ರಲ್ಲಿ ಗೆದ್ದವರು. ಏಳನೆಯದಕ್ಕೆ ಎಲ್ಲರೂ ಕಾಯುತ್ತಿದ್ದರು. 2006ರ ಸರಣಿ ಇನ್ನೂ ನಡೆಯುತ್ತಿರುವಾಗಲೇ ರಿಕಾರ್ಡ್ಸನ್ ಸಾಕು ಅಂದರು. ನಡುವೆಯೇ ನಿಲ್ಲಿಸಿದ್ದು ಹಲವರಿಗೆ ಹಿಡಿಸಲಿಲ್ಲ. ಆದರೆ ಪೂರ್ತಿ ಮನಸ್ಸಿಲ್ಲದೆ ಬ್ರೇಕ್ ಇಲ್ಲದ ಬೈಕ್ ಹತ್ತುವುದು ಎಂಥ ಕೆಲಸ ಅಂತ ಪೆರ್ ಯೋನ್ಸನ್, ಯಾನ್ ಓ. ಪೆಡರ್ಸನ್ ಇಬ್ಬರನ್ನೂ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಸ್ಕ್ಯಾಂಡಿನೇವಿಯಾದ ಪೋರ್ಷೆ ಕಾರು ರೇಸ್‌ಗಳಲ್ಲಿ ಓಡಿದರು.

ಆರರ ಸಾಲಿಗೆ ಈಗ ಇನ್ನೊಬ್ಬರು ಸೇರಿದ್ದಾರೆ. ಪೋಲೆಂಡ್‌ನ ಬಾರ್ತೋಶ್ ಜ್ಮಾರ್ಜ್ಲಿಕ್ 2019, 2020, 2022, 2023, 2024ರಲ್ಲಿ ಗೆದ್ದು, 2025ರಲ್ಲಿ ಆರನೆಯದನ್ನೂ ಪಡೆದರು. ಅವರು ಇನ್ನೂ ಓಡುತ್ತಿದ್ದಾರೆ, ಏಳಾಗಬಹುದು, ಎಂಟೂ ಆಗಬಹುದು. ಮೇಜರ್ ಅವರ ಆರೂ ಒಂದು ರಾತ್ರಿಯ ಫೈನಲ್‌ಗಳಲ್ಲಿ ಬಂದವು. ಜ್ಮಾರ್ಜ್ಲಿಕ್ ಅವರ ಆರೂ ಗ್ರ್ಯಾನ್‌ಪ್ರಿ ಸರಣಿಗಳಲ್ಲಿ. ಎರಡೂ ಕಡೆ ಕಾಲಿಟ್ಟು ಎರಡೂ ಕಡೆ ಗೆದ್ದವರು ಈ ಮೂವರಲ್ಲಿ ರಿಕಾರ್ಡ್ಸನ್ ಮಾತ್ರ. ಇನ್ನು ಆ ಅವಕಾಶ ಯಾರಿಗೂ ಇಲ್ಲ, ಯಾಕೆಂದರೆ ಆ ಹಳೆಯ ಫೈನಲ್ ಈಗ ಇಲ್ಲ.

ಸ್ವೀಡನ್ ಮಾತ್ರ 2005ರಿಂದ ಕಾಯುತ್ತಲೇ ಇದೆ. 2011ರಲ್ಲಿ ಆಂಡ್ರಿಯಾಸ್ ಯೋನ್ಸನ್ ಎರಡನೆಯವರಾದರು. 2023ರಲ್ಲಿ ಫ್ರೆಡ್ರಿಕ್ ಲಿಂಡ್‌ಗ್ರೆನ್ ಕೂಡ ಎರಡನೇ ಸ್ಥಾನಕ್ಕೇ ನಿಂತರು.